ಆಲದ ಮರವನ್ನು ಛಾಯಾಚಿತ್ರದಲ್ಲಿ ಹಿಡಿಯುವ ಬಗೆ

ಮರದ ಫೋಟೋ ತೆಗೆಯುವುದು ಸುಲಭವೆಂದು ಎಲ್ಲರೂ ಎಣಿಸುತ್ತಾರೆ. ಮರ ಓಡಿಹೋಗುವುದಿಲ್ಲ, ಕಣ್ಣು ಮುಚ್ಚುವುದಿಲ್ಲ, ಮಕ್ಕಳಂತೆ ಹಟ ಹಿಡಿಯುವುದಿಲ್ಲ. ಆದರೆ ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿರುವ ನಮ್ಮ ಬಾಂಧವರು ಆಲದ ಮರದ ಕೆಳಗೆ ತೆಗೆದು ತಂದು ತೋರಿಸುವ ಫೋಟೋಗಳನ್ನು ನೋಡಿರಿ. ಮುಂದೆ ನಾಲ್ಕು ಮಂದಿ ನಿಂತಿರುತ್ತಾರೆ, ಹಿಂದೆ ಏನೋ ಕಪ್ಪಗೆ ತೂಗುತ್ತಿರುತ್ತದೆ, ಮೇಲೆ ಬಿಸಿಲು ಸುಣ್ಣ ಚೆಲ್ಲಿದಂತೆ ಬೆಳ್ಳಗಾಗಿರುತ್ತದೆ. ಮನುಷ್ಯರು ಇದ್ದಾರೆ, ಮರ ಮಾತ್ರ ಇಲ್ಲ. ಆಲದ ಚೆಲುವನ್ನೂ ಅದರ ಗಟ್ಟಿ ಜೀವವನ್ನೂ ಚಿತ್ರದಲ್ಲಿ ಹಿಡಿಯುವುದು ಹೇಗೆ, ಹಾಗೆ ಹಿಡಿಯುವುದರಿಂದ ಮರಕ್ಕೂ ನಮಗೂ ಏನು ಪ್ರಯೋಜನ ಎಂಬುದನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ.

ಆಸ್ಪೆನ್ ಕಲಿಸುವ ಪಾಠ

ಮೊದಲು ದೂರದ ಒಂದು ಮರದ ವಿಚಾರ. ಛಾಯಾಚಿತ್ರಗಾರರ ಪ್ರಪಂಚದಲ್ಲಿ ಆಸ್ಪೆನ್ ಎಂಬ ಮರಕ್ಕೆ ಬಹಳ ಹೆಸರು. ಅಮೆರಿಕದ ಬೆಟ್ಟಸೀಮೆಯಲ್ಲಿ ಬೆಳೆಯುವ ಈ ಮರದ ತೊಗಟೆ ಬಿಳಿ. ಚಳಿಗಾಲಕ್ಕೆ ಮುಂಚೆ ಇದರ ಎಲೆಗಳು ಚಿನ್ನದ ಬಣ್ಣಕ್ಕೆ ತಿರುಗುತ್ತವೆ. ಎಲೆಯ ತೊಟ್ಟು ಚಪ್ಪಟೆಯಾಗಿರುವುದರಿಂದ ಸಣ್ಣ ಗಾಳಿ ಸುಳಿದರೂ ಇಡೀ ಮರ ನಡುಗುತ್ತದೆ. ನಮ್ಮ ಅರಳಿಯ ಎಲೆಯೂ ತನ್ನ ಉದ್ದ ತೊಟ್ಟಿನಿಂದಾಗಿ ಹೀಗೆಯೇ ಅಲುಗುವುದು. ಅಮರಕೋಶದಲ್ಲಿ ಅರಳಿಗೆ ‘ಚಲದಲ’ ಎಂಬ ಹೆಸರೇ ಉಂಟು. ಅಮೆರಿಕದ ಪ್ರಸಿದ್ಧ ಛಾಯಾಚಿತ್ರಗಾರ ಆನ್ಸೆಲ್ ಆಡಮ್ಸ್ 1958ರಲ್ಲಿ ನ್ಯೂ ಮೆಕ್ಸಿಕೋ ರಾಜ್ಯದ ಉತ್ತರ ಭಾಗದಲ್ಲಿ ಆಸ್ಪೆನ್ ಮರಗಳ ಕಪ್ಪು ಬಿಳುಪು ಚಿತ್ರಗಳನ್ನು ತೆಗೆದರು. ಕತ್ತಲೆಯಂಥ ಕಾಡಿನ ಮುಂದೆ ಮರಗಳು ತಾವೇ ದೀಪ ಹಚ್ಚಿಕೊಂಡಂತೆ ಬೆಳಗುವ ಆ ಚಿತ್ರಗಳನ್ನು ನೋಡಿದವರು ಬಿಸಿಲಿನ ಕೆಲಸವೆಂದು ತಿಳಿಯುತ್ತಾರೆ. ನಿಜಕ್ಕೂ ಅದು ಬಿಸಿಲು ನೇರ ಬೀಳದ ಮೆದು ಬೆಳಕಿನಲ್ಲಿ ತೆಗೆದದ್ದು. ಇದನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಆಸ್ಪೆನ್ನಿನ ಇನ್ನೊಂದು ಸೋಜಿಗವೆಂದರೆ, ನೂರಾರು ಮರಗಳಂತೆ ಕಾಣುವುದು ಒಂದೇ ಮರವಾಗಿರಬಹುದು. ನೆಲದೊಳಗೆ ಹರಿದ ಬೇರಿನಿಂದ ಹೊಸ ಕಾಂಡಗಳು ಮೇಲೆದ್ದು ಬರುತ್ತವೆ. ಯೂಟಾ ರಾಜ್ಯದ ಫಿಷ್‌ಲೇಕ್ ಅರಣ್ಯದಲ್ಲಿ ‘ಪಾಂಡೋ’ ಎಂದು ಹೆಸರಿಟ್ಟ ಒಂದು ಆಸ್ಪೆನ್ ಉಂಟು. ಅದಕ್ಕೆ ಸುಮಾರು 47,000 ಕಾಂಡಗಳು. ಹರಡಿರುವುದು ಸುಮಾರು 106 ಎಕರೆ. ಕಾಡಿಗೆ ಬೆಂಕಿ ಬಿದ್ದು ಕಾಂಡಗಳು ಸುಟ್ಟರೂ ಬೇರು ಉಳಿದು ಮತ್ತೆ ಚಿಗುರುತ್ತದೆ. ಆದರೆ ಬೇರಿನ ಸಂಬಂಧ ಮಣ್ಣಿನೊಳಗಿನದು, ಕಣ್ಣಿಗೆ ಕಾಣುವುದಿಲ್ಲ. ಹಾಗಾದರೆ ಫೋಟೋದಲ್ಲಿ ತೋರಿಸುವುದು ಹೇಗೆ? ಒಂದೇ ಬೇರಿನ ಕಾಂಡಗಳು ಬಹುಮಟ್ಟಿಗೆ ಒಂದೇ ಸಮಯಕ್ಕೆ ಬಣ್ಣ ಬದಲಿಸುತ್ತವೆ. ಬೆಟ್ಟದ ಮೈಮೇಲೆ ಒಂದು ತುಂಡು ಹಳದಿ, ಪಕ್ಕದ ತುಂಡು ಇನ್ನೂ ಹಸಿರು ಕಂಡರೆ ಅವು ಬೇರೆ ಬೇರೆ ಮರಗಳೆಂದು ತಿಳಿಯಬಹುದು. ನೆಲದೊಳಗಿನ ಗುಟ್ಟನ್ನು ಋತು ಹೊರಗೆ ಹಾಕುತ್ತದೆ.

ಇಷ್ಟಾದರೂ ಪಾಂಡೋ ಕ್ಷೇಮವಾಗಿಲ್ಲ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 72 ವರ್ಷಗಳ ಅವಧಿಯಲ್ಲಿ ವಿಮಾನದಿಂದ ತೆಗೆದ ಛಾಯಾಚಿತ್ರಗಳನ್ನು ಸಾಲಾಗಿ ಇಟ್ಟು ಹೋಲಿಸಿದರು. ಮರ ತೆಳುವಾಗುತ್ತ ಬಂದಿರುವುದು ಅದರಿಂದ ಕಣ್ಣಿಗೆ ಕಟ್ಟಿತು. ಹಳೆಯ ಕಾಂಡಗಳು ಸಾಯುತ್ತಿವೆ; ಹೊಸ ಚಿಗುರನ್ನು ಜಿಂಕೆಗಳೂ ದನಗಳೂ ಮೇಯುತ್ತಿವೆ. ಒಂದೇ ಒಂದು ಸೊಗಸಾದ ಚಿತ್ರದಿಂದ ಈ ವಿಷಯ ತಿಳಿಯುತ್ತಿರಲಿಲ್ಲ. ಅದೇ ಜಾಗವನ್ನು ಮತ್ತೆ ಮತ್ತೆ ತೆಗೆದದ್ದರಿಂದ ತಿಳಿಯಿತು.

ನಮ್ಮ ಬಹುಪಾದದ ಮರ

ನಮ್ಮ ದೇಶದಲ್ಲಿ ಇದಕ್ಕೆ ಜೋಡಿಯಾದ ಮರ ಆಲ. ಅಮರಕೋಶ ಇದನ್ನು ‘ಬಹುಪಾದ್’ ಎಂದೂ ‘ನ್ಯಗ್ರೋಧ’ ಎಂದೂ ಕರೆಯುತ್ತದೆ. ಬಹಳ ಕಾಲುಗಳುಳ್ಳದ್ದು, ಕೆಳಮುಖವಾಗಿ ಬೆಳೆಯುವುದು ಎಂದು ಅರ್ಥ. ಕೊಂಬೆಯಿಂದ ಬಿಳಲು ಇಳಿಯುತ್ತದೆ. ಗಾಳಿಯಲ್ಲಿ ತೂಗುವಾಗ ಅದು ಹಗ್ಗದಷ್ಟು ಸಣ್ಣದು. ಮಣ್ಣು ಮುಟ್ಟಿದ ಮೇಲೆ ಬಿಗಿಯಾಗಿ, ನೀರು ಹೀರಿ, ದಪ್ಪವಾಗಿ, ಕೆಲವು ವರ್ಷಗಳಲ್ಲಿ ಕಂಬವಾಗಿ ನಿಲ್ಲುತ್ತದೆ. ಆ ಕಂಬದ ಆಸರೆ ಸಿಕ್ಕಿದ ಕೊಂಬೆ ಇನ್ನೂ ಮುಂದಕ್ಕೆ ಚಾಚಿ ಮತ್ತೆ ಬಿಳಲು ಬಿಡುತ್ತದೆ. ಆಸ್ಪೆನ್ನಿನ ಕಾಂಡಗಳು ನೆಲದ ಕೆಳಗೆ ಕೈ ಹಿಡಿದಿವೆ, ಆಲದ ಕಾಂಡಗಳು ನೆಲದ ಮೇಲೆ ಕೈ ಹಿಡಿದಿವೆ. ಆದ್ದರಿಂದ ಆಲದ ಚಿತ್ರ ತೆಗೆಯುವವನಿಗೆ ಒಂದು ಅನುಕೂಲ ಉಂಟು: ಸಂಬಂಧ ಕಣ್ಣೆದುರಿಗೇ ಇದೆ, ಅದನ್ನು ಬಿಡದೆ ಹಿಡಿದರೆ ಸಾಕು.

ಆಲದ ಗಟ್ಟಿತನವೂ ಇದರಲ್ಲೇ ಇದೆ. ಕಲ್ಕತ್ತದ ಎದುರು ದಡದಲ್ಲಿ, ಹೌರಾದ ಶಿಬಪುರದಲ್ಲಿರುವ ಸಸ್ಯೋದ್ಯಾನದ ದೊಡ್ಡ ಆಲಕ್ಕೆ 1864ರಲ್ಲೂ 1867ರಲ್ಲೂ ಚಂಡಮಾರುತಗಳು ಬಡಿದವು. ಆದ ಗಾಯಗಳಲ್ಲಿ ಬೂಷ್ಟು ಸೇರಿ ಬುಡದ ಕಾಂಡ ಕೊಳೆತು, 1925ರಲ್ಲಿ ಅದನ್ನು ಕಡಿದು ತೆಗೆಯಬೇಕಾಯಿತು. ಮರ ಸಾಯಲಿಲ್ಲ, ಬಿಳಲುಗಳ ಮೇಲೆ ಇಂದಿಗೂ ನಿಂತಿದೆ. ನಮ್ಮ ಬೆಂಗಳೂರಿನ ಪಶ್ಚಿಮಕ್ಕೆ, ರಾಮೋಹಳ್ಳಿಯ ಹತ್ತಿರ ಕೇತೋಹಳ್ಳಿಯಲ್ಲಿ, ಸುಮಾರು 3 ಎಕರೆ ಹರಡಿರುವ ದೊಡ್ಡ ಆಲದ ಮರವೂ ರೋಗದಿಂದ ತನ್ನ ಮೂಲ ಕಾಂಡವನ್ನು ಕಳೆದುಕೊಂಡು ಹಾಗೆಯೇ ಉಳಿದಿದೆ. ರಜೆಯಲ್ಲಿ ಊರಿಗೆ ಹೋದವರು ಅಲ್ಲಿ ‘ಮೂಲ ಮರ ಯಾವುದು?’ ಎಂದು ಕೇಳುವುದುಂಟು. ನಿಂತಿರುವುದೆಲ್ಲವೂ ಮೂಲವೇ ಎಂಬುದು ಸರಿಯಾದ ಉತ್ತರ.

ಮೂರು ಊರು, ಮೂರು ಮರ

ಈಗ ನಾವಿರುವ ನಾಡಿಗೆ ಬರೋಣ. ಗುಜರಾತಿನಲ್ಲಿ ಆಲಕ್ಕೆ ‘ವಡ್’ ಎನ್ನುತ್ತಾರೆ, ಬಿಳಲಿಗೆ ‘ವಡವಾಯಿ’. ಇಂಗ್ಲಿಷಿನವರು ಈ ಮರಕ್ಕೆ ಇಟ್ಟ ‘ಬ್ಯಾನಿಯನ್’ ಎಂಬ ಹೆಸರೂ ‘ವಾಣಿಯಾ’ ಎಂಬ ಗುಜರಾತಿ ಮಾತಿನಿಂದ ಬಂದದ್ದು. ವರ್ತಕರು ಇದರ ನೆರಳಲ್ಲಿ ಕುಳಿತು ವ್ಯಾಪಾರ ಮಾಡುತ್ತಿದ್ದುದನ್ನು ಪರದೇಶದ ಪ್ರವಾಸಿಗರು ಕಂಡಿದ್ದರು.

ವಡೋದರಾ ಎಂಬ ಹೆಸರಿನಲ್ಲೇ ಆಲವಿದೆ. ಇಲ್ಲಿ ಕನ್ನಡಿಗರು ತಿಳಿಯಬೇಕಾದ ಸಂಗತಿಯೊಂದುಂಟು. ಆ ಊರಿನ ಹಳೆಯ ಹೆಸರು ‘ವಟಪದ್ರಕ’; ವಟವೆಂದರೆ ಆಲ, ಪದ್ರಕವೆಂದರೆ ಹಳ್ಳಿ. ಈ ಹೆಸರು ಬರುವುದು ಕ್ರಿ. ಶ. 812ರ ತಾಮ್ರಶಾಸನದಲ್ಲಿ. ಅದನ್ನು ಕೊಟ್ಟವನು ನಮ್ಮ ರಾಷ್ಟ್ರಕೂಟ ಮನೆತನದ ಗುಜರಾತ್ ಶಾಖೆಯ ಕರ್ಕರಾಜ. ಅಂದರೆ ಈ ಊರಿನ ಆಲದ ಹೆಸರು ಸಾವಿರದ ಇನ್ನೂರು ವರ್ಷಗಳಿಂದ ದಾಖಲೆಯಲ್ಲಿದೆ, ದಾಖಲೆ ಮಾಡಿಸಿದವನು ಕನ್ನಡ ನಾಡಿನಿಂದ ಬಂದ ಮನೆತನದವನು. ಇಂದಿಗೂ 1879ರಲ್ಲಿ ಆರಂಭವಾದ ಸಯಾಜಿ ಬಾಗಿನಲ್ಲಿ, ಜನರ ಮಾತಿನಲ್ಲಿ ಕಮಾಟಿ ಬಾಗಿನಲ್ಲಿ, ಬೆಳಿಗ್ಗೆ ಕ್ಯಾಮರಾ ಹಿಡಿದು ಹೋದವನಿಗೆ ಒಳ್ಳೆಯ ಆಲಗಳು ಸಿಗುತ್ತವೆ.

ವಡೋದರಾದಿಂದ ಸೂರತ್ತಿಗೆ ರೈಲಿನಲ್ಲಿ ಹೋಗುವಾಗ ನಡುವೆ ಭರೂಚ್ ಬರುತ್ತದೆ. ಅಲ್ಲಿಂದ ಸುಮಾರು 16 ಕಿಲೋಮೀಟರ್ ಮೂಡಲಿಗೆ, ಶುಕ್ಲತೀರ್ಥದ ಹತ್ತಿರ, ನರ್ಮದೆಯ ನಡುಗಡ್ಡೆಯಲ್ಲಿ ಕಬೀರವಡ್ ಇದೆ. ಸಂತ ಕಬೀರರು ಹಲ್ಲುಜ್ಜಿ ಎಸೆದ ಕಡ್ಡಿ ಚಿಗುರಿ ಮರವಾಯಿತೆಂದು ಜನ ಹೇಳುತ್ತಾರೆ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ನೌಕರಿಯಲ್ಲಿದ್ದ ಜೇಮ್ಸ್ ಫೋರ್ಬ್ಸ್ ಎಂಬವರು ಈ ಮರವನ್ನು ಕಂಡು, ಚಿತ್ರ ಬರೆದು, 1813ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಅದರ ಲೆಕ್ಕ ಕೊಟ್ಟಿದ್ದಾರೆ. ಸುತ್ತಳತೆ ಸುಮಾರು 2000 ಅಡಿ. ದೊಡ್ಡ ಕಾಂಡಗಳು 350. ಸಣ್ಣವು 3000ಕ್ಕೆ ಮೇಲೆ. 7000 ಮಂದಿ ನೆರಳಿನಲ್ಲಿ ಇರಬಹುದಾಗಿತ್ತು. ಅದಕ್ಕೆ ಮೊದಲೇ ನದಿಯ ಮಹಾಪೂರಗಳು ಮರದ ಬಹುಭಾಗವನ್ನು ಕೊಚ್ಚಿಕೊಂಡು ಹೋಗಿದ್ದವೆಂದೂ ಅವರು ಬರೆದಿದ್ದಾರೆ. ಆಗ ಕ್ಯಾಮರಾ ಇರಲಿಲ್ಲ. ಛಾಯಾಚಿತ್ರದ ವಿದ್ಯೆ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಆದರೂ ಒಬ್ಬರು ಎಣಿಸಿ ಬರೆದಿಟ್ಟದ್ದರಿಂದ ಎರಡು ಶತಮಾನಗಳ ಮೇಲೆ ನಮಗೆ ಆ ಮರದ ಗಾತ್ರ ಗೊತ್ತು. ಸೂರತ್ತಿನವರಾದ ಕವಿ ನರ್ಮದರೂ ಈ ಮರದ ಮೇಲೆ ಕವಿತೆ ಬರೆದಿದ್ದಾರೆ.

ಸೂರತ್ತಿನಲ್ಲಿ ಇದಕ್ಕೆ ತೀರ ವಿರುದ್ಧವಾದ ಆಲವೊಂದುಂಟು. ತಾಪಿ ನದಿಯ ದಡದ ಅಶ್ವಿನಿಕುಮಾರ್ ಭಾಗದಲ್ಲಿ ‘ತ್ರಣ್ ಪಾನನೋ ವಡ್’, ಎಂದರೆ ಮೂರೆಲೆಯ ಆಲವನ್ನು ಪೂಜಿಸುತ್ತಾರೆ. ಕರ್ಣನ ದಹನ ನಡೆದ ಸ್ಥಳದಲ್ಲಿ ಹುಟ್ಟಿದ್ದು, ಅದಕ್ಕೆ ಮೂರಕ್ಕಿಂತ ಹೆಚ್ಚು ಎಲೆ ಬರುವುದಿಲ್ಲ ಎಂದು ಭಕ್ತರ ನಂಬಿಕೆ. ಒಂದು ಕಡೆ ಎಕರೆಗಟ್ಟಲೆ ಹರಡಿದ ಆಲ, ಇನ್ನೊಂದು ಕಡೆ ಮೂರೆಲೆಯ ಆಲ! ಎರಡರ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ನೋಡುವಂಥದ್ದು. ಅಲ್ಲಿ ಚಿತ್ರ ತೆಗೆಯುವ ಮೊದಲು ಅರ್ಚಕರ ಅಪ್ಪಣೆ ಕೇಳುವುದು ಮರ್ಯಾದೆ.

ಇನ್ನು ಅಹಮದಾಬಾದು. ಇಲ್ಲಿ ನಾವು ಹೇಳುವ ಮರ ಕಲ್ಲಿನದು. ಲಾಲ್ ದರವಾಜಾದ ಸಿದಿ ಸೈಯದ್ ಮಸೀದಿಯನ್ನು 1572–73ರಲ್ಲಿ ಕಟ್ಟಿದರು. ಅದರ ಪಶ್ಚಿಮದ ಗೋಡೆಯ ಕಲ್ಲಿನ ಜಾಲಿಯಲ್ಲಿ ಹೆಣೆದುಕೊಂಡ ಕೊಂಬೆಗಳ ಮರವನ್ನು ಶಿಲ್ಪಿಗಳು ಕೊರೆದಿದ್ದಾರೆ. ಇದು ಆಲವಲ್ಲ, ಆದರೂ ಮರದ ಫೋಟೋ ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಹೊರಗೆ ರಸ್ತೆಯಲ್ಲಿ ನಿಂತು ನೋಡಿದರೆ ಬೆಳಕು ಕಲ್ಲಿನ ಮೇಲೆ ಬಿದ್ದು ಕೆತ್ತನೆಯ ವಿವರ ಕಾಣುತ್ತದೆ. ಸಂಜೆಯ ಹೊತ್ತು ಒಳಗಿನಿಂದ ನೋಡಿದರೆ ಬೆಳಕು ಹಿಂದಿನಿಂದ ಬಂದು, ವಿವರವೆಲ್ಲ ಅಳಿಸಿ, ಕೊಂಬೆ ಕೊಂಬೆ ಸೇರುವ ರೇಖೆ ಮಾತ್ರ ನಿಲ್ಲುತ್ತದೆ. ಮರ ಒಂದೇ, ಬೆಳಕು ಬೇರೆ, ಚಿತ್ರ ಎರಡು. ಮೈಯನ್ನು ತೋರಿಸಬೇಕೋ ರೇಖೆಯನ್ನು ತೋರಿಸಬೇಕೋ ಎಂದು ಮೊದಲು ತೀರ್ಮಾನಿಸಿ, ಆಮೇಲೆ ಎಲ್ಲಿ ನಿಲ್ಲಬೇಕೆಂದು ನೋಡಬೇಕು.

ಚಿತ್ರ ತೆಗೆಯುವ ಕ್ರಮ

ದೊಡ್ಡ ಕ್ಯಾಮರಾ ಬೇಕೆಂದಿಲ್ಲ. ಈಗ ಎಲ್ಲರ ಜೇಬಿನಲ್ಲಿರುವ ಮೊಬೈಲು ಸಾಕು. ಬೇಕಾದ್ದು ತಾಳ್ಮೆ. ನಾವು ಮಿಲ್ಲಿನ ರಜೆಯ ದಿನಗಳಲ್ಲಿ ಮಾಡಿ ನೋಡಿ ಕಂಡುಕೊಂಡದ್ದನ್ನು ಹೇಳುತ್ತೇವೆ.

ಮೊದಲನೆಯದು ಹೊತ್ತು. ನಡುಹಗಲಿನಲ್ಲಿ ಆಲದ ಕೆಳಗೆ ಕತ್ತಲೆ, ಆಚೆ ಕುರುಡುಗಟ್ಟುವ ಬಿಸಿಲು. ಕಣ್ಣು ಎರಡನ್ನೂ ಸಮಾಧಾನ ಮಾಡಿಕೊಳ್ಳುತ್ತದೆ, ಕ್ಯಾಮರಾ ಮಾಡಿಕೊಳ್ಳಲಾರದು. ಬೆಳಗಿನ ಮೊದಲ ಗಂಟೆ, ಸಂಜೆಯ ಕೊನೆಯ ಗಂಟೆ, ಇಲ್ಲವೆ ಮೋಡ ಕವಿದ ದಿನ ಒಳ್ಳೆಯದು. ಆಡಮ್ಸರ ಮೆದು ಬೆಳಕಿನ ಮಾತನ್ನು ಇಲ್ಲಿ ನೆನೆಯಬೇಕು. ಗುಜರಾತಿನಲ್ಲಿ ಜೂನ್ ಕೊನೆಗೆ ಮಳೆ ಹಿಡಿದ ಮೇಲೆ ಎಲೆಯ ಧೂಳು ತೊಳೆದುಹೋಗುತ್ತದೆ. ಬಿಳಲುಗಳ ತುದಿಯಲ್ಲಿ ಎಳೆಯ ಬಣ್ಣದ ಹೊಸ ಬೇರು ಕಾಣಿಸುತ್ತದೆ. ಮರ ಬದುಕುತ್ತಿರುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಬೇಡ.

ಎರಡನೆಯದು ಅಳತೆ. ಚಿತ್ರದಲ್ಲಿ ಮನುಷ್ಯನಿಲ್ಲದಿದ್ದರೆ ಮರ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. ಮನುಷ್ಯ ಮುಂದೆ ಬಂದರೆ ಮರವೇ ಮರೆಯಾಗುತ್ತದೆ. ಆದ್ದರಿಂದ ನಿಮ್ಮವರನ್ನು ಕ್ಯಾಮರಾದ ಹತ್ತಿರ ನಿಲ್ಲಿಸದೆ ಕಾಂಡದ ಪಕ್ಕದಲ್ಲೇ ನಿಲ್ಲಿಸಿರಿ. ಚಹಾದ ಗಾಡಿಯೋ, ಒರಗಿಸಿದ ಸೈಕಲ್ಲೋ ಇದ್ದರೆ ಅದೂ ಆದೀತು.

ಮೂರನೆಯದು ಮುಖ್ಯವಾದದ್ದು: ಸೇರುವ ಜಾಗ. ಬರಿಯ ಬಿಳಲುಗಳನ್ನು ತೆಗೆದರೆ ಅದು ಕಂಬಗಳ ಚಿತ್ರ. ಬರಿಯ ಎಲೆಗಳನ್ನು ತೆಗೆದರೆ ಅದು ಯಾವ ಮರದ್ದೂ ಆಗಬಹುದು. ಕೊಂಬೆಯಿಂದ ಬಿಳಲು ಹೊರಟ ಜಾಗ, ಅದು ಮಣ್ಣು ಮುಟ್ಟಿದ ಜಾಗ, ಇವೆರಡೂ ಒಂದೇ ಚಿತ್ರದಲ್ಲಿ ಬರಬೇಕು. ಅದಕ್ಕಾಗಿ ಹತ್ತು ಹೆಜ್ಜೆ ಹಿಂದೆ ಸರಿದು, ಬೇಕಾದರೆ ಮಂಡಿಯೂರಿ ನೋಡಿರಿ. ಈ ಎರಡು ಜಾಗ ಕಂಡರೆ ಆಲವೆಂದರೇನೆಂದು ತಿಳಿಯದವನಿಗೂ ತಿಳಿಯುತ್ತದೆ.

ನಾಲ್ಕನೆಯದು ಜನ. ಜ್ಯೇಷ್ಠದ ಹುಣ್ಣಿಮೆಯಂದು ವಟಸಾವಿತ್ರಿಯ ವ್ರತಕ್ಕೆ ಹೆಂಗಸರು ಆಲಕ್ಕೆ ದಾರ ಸುತ್ತುತ್ತಾರೆ. ಈ ವ್ರತ ನಮ್ಮ ಕಡೆಯೂ ಉಂಟು. ಬಿಳಿಯ ನೂಲು ಬೂದು ತೊಗಟೆಯ ಮೇಲೆ ನೂರು ಸುತ್ತು ಕಾಣುವುದು ಬಹಳ ಸೊಗಸು. ಕೇಳಿ ತೆಗೆಯಿರಿ. ಮರುದಿನವೂ ಹೋಗಿ ನೋಡಿರಿ. ದಾರ ಕೊಳೆತುಹೋಗುತ್ತದೆ, ಮರಕ್ಕೆ ನೋವಿಲ್ಲ. ಜಾಹೀರಾತಿನ ಹಲಗೆಗೆ ಹೊಡೆದ ಮೊಳೆಗಳು ಮಾತ್ರ ಉಳಿದಿರುತ್ತವೆ. ಅವನ್ನೂ ಚಿತ್ರದಲ್ಲಿ ಬಿಡಬಾರದು.

ಐದನೆಯದು ಮರಳಿ ಹೋಗುವುದು. ಅದೇ ಜಾಗ, ಅದೇ ತಿಂಗಳು, ಅದೇ ಹೊತ್ತು, ವರ್ಷಕ್ಕೊಮ್ಮೆ. ಮಿಲ್ಲಿನಲ್ಲಿ ಹಾಜರಿ ಪುಸ್ತಕ ಇಡುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಒಂದು ದಿನದ ಹಾಜರಿಯಿಂದ ಕೆಲಸಗಾರನ ವಿಚಾರ ಏನೂ ತಿಳಿಯದು, ವರ್ಷದ ಹಾಜರಿಯಿಂದ ಬಹಳ ತಿಳಿಯುತ್ತದೆ. ಮರದ ಗಟ್ಟಿತನವೂ ಒಂದು ಗಳಿಗೆಯಲ್ಲಿ ಕಾಣುವಂಥದ್ದಲ್ಲ. ತೂಗುತ್ತಿದ್ದ ಬಿಳಲು ಮಣ್ಣು ಮುಟ್ಟಿತೆ, ಮುಟ್ಟಿದ್ದು ದಪ್ಪವಾಯಿತೆ, ಮುರಿದ ಕೊಂಬೆಯ ಪಕ್ಕ ಚಿಗುರು ಬಂತೆ ಎಂಬುದನ್ನು ಸಾಲು ಚಿತ್ರಗಳೇ ಹೇಳಬೇಕು.

ಚಿತ್ರ ಏಕೆ ಬೇಕು?

ಇದೆಲ್ಲ ಹವ್ಯಾಸದ ಮಾತು, ಹೊಟ್ಟೆಪಾಡಿನ ನಡುವೆ ಯಾರಿಗೆ ಪುರಸೊತ್ತು ಎಂದು ಕೇಳುವವರಿದ್ದಾರೆ. ನಾವು ವಾಸವಾಗಿದ್ದ ಒಂದು ಚಾಳಿನ ಮುಂದೆ ರಸ್ತೆಯ ತಿರುವಿನಲ್ಲಿ ಆಲವಿತ್ತು. ನಮ್ಮ ಮಂದಿ ಪಾಳಿ ಮುಗಿಸಿ ಬಂದು ಅದರ ಕಟ್ಟೆಯ ಮೇಲೆ ಕುಳಿತು ಊರಿನ ಸುದ್ದಿ ಮಾತಾಡುತ್ತಿದ್ದರು. ಒಂದು ವರ್ಷ ಅದರ ಬಿಳಲುಗಳನ್ನು ಸವರಿದರು. ಮರುವರ್ಷ ಬುಡಕ್ಕೆ ಸುತ್ತಲೂ ಸಿಮೆಂಟು ಬಿತ್ತು. ಅದರ ಮರುವರ್ಷ, ಮರ ವಾಲಿದೆ, ಅಪಾಯ ಎಂದು ಕಡಿದರು. ಕಾಲುಗಳನ್ನು ಕತ್ತರಿಸಿದ ಮೇಲೆ ವಾಲದೆ ಇನ್ನೇನು ಮಾಡೀತು? ಚಾಳಿನವರೆಲ್ಲ ಸೇರಿ ಬರೆದ ಅರ್ಜಿಗೆ, ಆ ಸ್ಥಳದಲ್ಲಿ ಅಂಥ ಹಳೆಯ ಮರ ಇದ್ದುದಕ್ಕೆ ಕಾಗದಪತ್ರವಿಲ್ಲ ಎಂದು ಉತ್ತರ ಬಂತು. ಯಾರ ಮನೆಯಲ್ಲಿಯೂ ಅದರದ್ದೊಂದು ಚಿತ್ರ ಇರಲಿಲ್ಲ. ಬಿಳಲು ಆರಿದ್ದವೋ ಒಂಬತ್ತೋ ಎಂದು ಈಗ ನಮ್ಮಲ್ಲೇ ಒಮ್ಮತವಿಲ್ಲ.

ಚಿತ್ರ ಇದ್ದಾಗ ಏನಾಗುತ್ತದೆ ಎಂಬುದಕ್ಕೆ ಕನ್ನಡಿಗರೊಬ್ಬರ ಉದಾಹರಣೆ ಸಾಕು. ನಮ್ಮ ನಾಡಿನ ಗಡಿಗೆ ಹತ್ತಿರ, ಆಂಧ್ರದ ಕದಿರಿ ಸೀಮೆಯಲ್ಲಿ ‘ತಿಮ್ಮಮ್ಮ ಮರ್ರಿಮಾನು’ ಎಂಬ ಆಲವಿದೆ. ಹರಡಿರುವುದು ಸುಮಾರು 5 ಎಕರೆ. ಸುತ್ತಲಿನ ಹಳ್ಳಿಯವರಿಗೆ ಅದು ದೇವರ ಮರ, ಹೊರಗಿನವರಿಗೆ ಅಷ್ಟಾಗಿ ತಿಳಿದಿರಲಿಲ್ಲ. ಬೆಂಗಳೂರಿನ ಪತ್ರಿಕಾ ಛಾಯಾಚಿತ್ರಗಾರ ಸತ್ಯನಾರಾಯಣ ಅಯ್ಯರ್ ಅದರ ಚಿತ್ರ ತೆಗೆದು, ವಿವರ ಸೇರಿಸಿ, ಲೋಕಕ್ಕೆ ತೋರಿಸಿದರು. ಪತ್ರಿಕೆಗಳಿಂದ ತಿರಸ್ಕಾರದ ಕಾಗದಗಳನ್ನು ಬೇಸರವಿಲ್ಲದೆ ಕೂಡಿಹಾಕಿ ‘ರಿಗ್ರೆಟ್ ಅಯ್ಯರ್’ ಎಂದೇ ಹೆಸರಾದವರು ಇವರು. 1989ರಲ್ಲಿ ಆ ಮರ ಗಿನ್ನೆಸ್ ಪುಸ್ತಕದಲ್ಲಿ ಸೇರಿತು.

ಸಾಲುಮರದ ತಿಮ್ಮಕ್ಕನವರ ಸಂಗತಿಯೂ ಹೀಗೆಯೇ. ಹುಲಿಕಲ್ಲಿನಿಂದ ಕುದೂರಿನವರೆಗೆ ಅವರೂ ಅವರ ಯಜಮಾನರೂ ನೆಟ್ಟು ನೀರೆರೆದ 385 ಆಲಗಳ ಚಿತ್ರವನ್ನು ನೋಡದ ಕನ್ನಡಿಗರಿಲ್ಲ. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆಯನ್ನು ಅಗಲ ಮಾಡುವ ಕೆಲಸದಿಂದ ಆ ಮರಗಳಿಗೆ ಕುತ್ತು ಬಂದಾಗ, ಅವನ್ನು ಉಳಿಸಿ ಬೇರೆ ದಾರಿ ಹುಡುಕಬೇಕೆಂದು ಸರ್ಕಾರವೇ ಹೇಳಬೇಕಾಯಿತು. ಎಲ್ಲರೂ ಕಂಡ ಮರವನ್ನು ಸದ್ದಿಲ್ಲದೆ ಕಡಿಯಲು ಆಗುವುದಿಲ್ಲ. ತಿಮ್ಮಕ್ಕನವರು 2025ರಲ್ಲಿ ತೀರಿಕೊಂಡರು, ಸಾಲು ನಿಂತಿದೆ.

ವಡೋದರಾದಲ್ಲಿ ನೆಲೆಸಿದ ಕಲಾವಿದ ಜ್ಯೋತಿ ಭಟ್ ಅವರು 1967ರಿಂದ ಹಳ್ಳಿಹಳ್ಳಿ ಅಲೆದು ಗೋಡೆಯ ಚಿತ್ತಾರಗಳನ್ನೂ ರಂಗೋಲಿಗಳನ್ನೂ ಕ್ಯಾಮರಾದಲ್ಲಿ ಹಿಡಿದಿಟ್ಟರು. ಆ ಗೋಡೆಗಳಲ್ಲಿ ಎಷ್ಟೋ ಈಗ ಇಲ್ಲ, ಚಿತ್ರಗಳಿವೆ. ಆದರೆ ಮರದ ವಿಷಯದಲ್ಲಿ ನಾವು ಅಷ್ಟಕ್ಕೆ ನಿಲ್ಲಬೇಕಾಗಿಲ್ಲ. ಗೋಡೆಯ ಚಿತ್ತಾರ ಅಳಿದರೆ ಅಳಿಯಿತು, ಆಲಕ್ಕೆ ಚಿಕಿತ್ಸೆ ಉಂಟು. ತೆಲಂಗಾಣದ ಮಹಬೂಬನಗರದ ಪಿಲ್ಲಲಮರ್ರಿ ಎಂಬ ಹಳೆಯ ಆಲಕ್ಕೆ ಗೆದ್ದಲು ಹಿಡಿದಾಗ 2018ರಲ್ಲಿ ರೋಗಿಗೆ ಸಲೈನು ಕೊಡುವಂತೆ ಬಾಟಲಿ ತೂಗುಹಾಕಿ ಔಷಧ ಇಳಿಸಿದರು. ತೂಗುವ ಬಿಳಲಿಗೆ ಬಿದಿರಿನ ಕೊಳವೆ ಕಟ್ಟಿ, ಅದರಲ್ಲಿ ಮಣ್ಣು ತುಂಬಿ ನೆಲದವರೆಗೆ ನಡೆಸುವ ಉಪಾಯವನ್ನು ತೋಟಗಾರರು ಬಲ್ಲರು. ಬುಡದ ಸಿಮೆಂಟನ್ನು ನಾಲ್ಕಡಿ ಬಿಡಿಸಿದರೂ ಮರ ಉಸಿರಾಡುತ್ತದೆ. ಆದರೆ ಕಾಲು ಬೇಕಾಗಿದೆ ಎಂದು ಯಾರಾದರೂ ಮೊದಲು ಗಮನಿಸಬೇಕಲ್ಲ!

ಈ ಉದ್ದೇಶದಿಂದಲೇ ನಮ್ಮ ಉಚಿತ ವಾಚನಾಲಯದಲ್ಲಿ ಒಂದು ಆಲ್ಬಮ್ ಇಟ್ಟಿದ್ದೇವೆ. ವಾಚಕರು ತಮ್ಮ ಮನೆಯ, ಮಿಲ್ಲಿನ, ಮಕ್ಕಳ ಶಾಲೆಯ ಸಮೀಪದ ಒಂದು ಆಲವನ್ನು ಆರಿಸಿಕೊಂಡು ಅದರ ಚಿತ್ರದ ಒಂದು ಪ್ರತಿಯನ್ನು ತಂದುಕೊಡಬೇಕಾಗಿ ಪ್ರಾರ್ಥನೆ. ಹಿಂಬದಿಯಲ್ಲಿ ಸ್ಥಳ, ತಾರೀಖು, ಎದೆಮಟ್ಟದಲ್ಲಿ ಕಾಂಡದ ಸುತ್ತಳತೆ, ನೆಲ ಮುಟ್ಟಿದ ಬಿಳಲುಗಳ ಸಂಖ್ಯೆ, ಬುಡದಲ್ಲಿ ಮಣ್ಣಿದೆಯೋ ಸಿಮೆಂಟಿದೆಯೋ ಎಂಬ ಐದು ಸಂಗತಿಗಳನ್ನು ಪೆನ್ಸಿಲಿನಲ್ಲಿ ಬರೆದರೆ ಸಾಕು. ಅಳೆಯಲು ದಾರ, ಎಣಿಸಲು ಮಕ್ಕಳು, ಖರ್ಚೇನೂ ಇಲ್ಲ. ಬರುವ ವರ್ಷ ಅದೇ ತಿಂಗಳು ಅದೇ ಮರದ ಇನ್ನೊಂದು ಚಿತ್ರಕ್ಕಾಗಿ ಆಲ್ಬಮ್ಮಿನಲ್ಲಿ ಪಕ್ಕದ ಪುಟವನ್ನು ಖಾಲಿ ಬಿಟ್ಟಿದೆ.